ನೋಂಬು ಹಿಡಿದ ಟೀಚರಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿರಾಜಪೇಟೆ ಕಡೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಕೊಡವ ತಕ್ಕ್, ಸಂತೆಯಲ್ಲಿ ಬಾಯಿಗೆ ಬಂದದ್ದು. ವರ್ಷಕ್ಕೊಂದು ತಿಂಗಳು, ರಂಜಾನಿನ ನೋಂಬು (ಉಪವಾಸ) ಹಿಡಿದಾಗ ಮಾತ್ರ, ಯಾವ ಭಾಷೆಯಲ್ಲಿ ಮಾತು ಶುರುವಾದರೂ ನನ್ನ ಹೊಟ್ಟೆಯ ಹತ್ತಿರ ಬಂದು ನಿಲ್ಲುತ್ತದೆ. ಮಕ್ಕಳು ಕೇಳಿದ್ದು, ಸ್ಟಾಫ್ ರೂಮಿನಲ್ಲಿ ಕೇಳಿದ್ದು, ಬೇಲಿಯಾಚೆಯಿಂದ ಕೇಳಿದ್ದು, ಹಳೇ ವಿದ್ಯಾರ್ಥಿಗಳು ಕಾಗದ ಬರೆದು ಕೇಳಿದ್ದು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಧರ್ಮದ ತೀರ್ಪು ಹೇಳುವುದು ಉಸ್ತಾದರ (ಧರ್ಮಗುರುಗಳ) ಕೆಲಸ. ನಲವತ್ತು ವರ್ಷ ನೋಂಬು ಹಿಡಿದವಳು ತನ್ನ ಅಡುಗೆಮನೆಯಿಂದ, ತನ್ನ ತರಗತಿಯಿಂದ ಎಷ್ಟು ಹೇಳಬಹುದೋ ಅಷ್ಟು ಇಲ್ಲಿದೆ.

## ಮೊದಲ ಸಲ ಕೇಳುವವರಿಗೆ

ನೀರೂ ಕುಡಿಯಬಾರದಾ ಟೀಚರ್? ಒಂದು ಗುಟುಕೂ?

ಒಂದು ಗುಟುಕೂ ಇಲ್ಲ. ಬೆಳಗಿನ ಸುಬ್‌ಹಿ ಬಾಂಗಿನಿಂದ (ನಮಾಜಿನ ಕರೆಯಿಂದ) ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಆಗುವವರೆಗೆ ಅನ್ನ, ನೀರು, ಬೀಡಿ ಸಿಗರೇಟು, ಗಂಡ ಹೆಂಡಿರ ಕೂಟ, ಯಾವುದೂ ಇಲ್ಲ. ಸೂರ್ಯ ಹುಟ್ಟುವುದರಿಂದ ಲೆಕ್ಕ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ, ಸೂರ್ಯ ಮೇಲೆ ಬರಲು ಇನ್ನೂ ಒಂದು ಗಂಟೆಗಿಂತ ಹೆಚ್ಚು ಇರುವಾಗ, ಮೂಡಣದಲ್ಲಿ ಮೊದಲ ಬಿಳುಪು ಕಾಣುವಾಗಲೇ ಬಾಯಿ ಕಟ್ಟಬೇಕು. ನಮ್ಮ ಕೊಡಗಿನಲ್ಲಿ ಡಿಸೆಂಬರಿನಲ್ಲಾದರೆ ಇದು ಹನ್ನೆರಡೂವರೆ ಗಂಟೆಯ ಆಸುಪಾಸು, ಜೂನಿನಲ್ಲಾದರೆ ಹದಿನಾಲ್ಕು ದಾಟುತ್ತದೆ. ಉತ್ತರ ಯುರೋಪಿನಲ್ಲಿ ಬೇಸಿಗೆಗೆ ಬಂದರೆ ಹದಿನೆಂಟು ಗಂಟೆಯೂ ಆಗುತ್ತದೆ. ಅವರ ಜೊತೆ ಹೋಲಿಸಿದರೆ ನಾವು ಸುಖಿಗಳು.

ಎಂಜಲು ನುಂಗಬಹುದಾ ಅನ್ನುವುದು ಇದರ ಬೆನ್ನಿಗೇ ಬರುವ ಪ್ರಶ್ನೆ, ಸಾಮಾನ್ಯವಾಗಿ ಎಂಟನೇ ತರಗತಿಯಿಂದ. ನುಂಗಬಹುದು. ದಾರಿಯುದ್ದ ಉಗಿಯುತ್ತಾ ಹೋಗಬೇಕಿಲ್ಲ.

ರಂಜಾನ್ ಅಂದರೆ ಹಬ್ಬದ ಹೆಸರಲ್ವಾ?

ತಿಂಗಳ ಹೆಸರು. ಹಿಜರಿ (ಇಸ್ಲಾಮೀ ಪಂಚಾಂಗದ) ವರ್ಷದ ಒಂಬತ್ತನೇ ತಿಂಗಳು. ಅದು ಮುಗಿದು ಶವ್ವಾಲ್ ತಿಂಗಳ ಮೊದಲ ದಿನ ಬರುವ ಹಬ್ಬ ಈದುಲ್ ಫಿತ್ರ್. ಕುರ್‌ಆನ್ ಇಳಿದ ತಿಂಗಳು ಎಂಬ ಕಾರಣಕ್ಕೆ ಇದಕ್ಕೆ ಈ ಗೌರವ. ನೋಂಬು ಕಡ್ಡಾಯವಾದದ್ದು ಪ್ರವಾದಿಯವರು ಮದೀನಕ್ಕೆ ಹೋದ ಎರಡನೇ ವರ್ಷ, ಅಂದರೆ ಕ್ರಿ.ಶ. 624ರಲ್ಲಿ.

ನೀವು ನೋಂಬು ಅಂತೀರಿ, ಕುಶಾಲನಗರದ ನನ್ನ ಫ್ರೆಂಡ್ ರೋಜಾ ಅಂತಾಳೆ. ಎರಡೂ ಬೇರೆ ಬೇರೆನಾ?

ಹಸಿವು ಒಂದೇ, ಭಾಷೆ ಬೇರೆ. ಕೊಡಗಿನ ಮುಸ್ಲಿಮರೆಲ್ಲ ಒಂದೇ ಮಾತಿನವರಲ್ಲ. ಮಲಯಾಳ ಆಡುವ ಮಾಪಿಳ್ಳೆಗಳಿದ್ದೇವೆ, ಕೊಡವ ತಕ್ಕನ್ನೇ ಮನೆಮಾತು ಮಾಡಿಕೊಂಡ ಕೊಡವ ಮಾಪಿಳ್ಳೆಗಳಿದ್ದಾರೆ, ಬ್ಯಾರಿಗಳಿದ್ದಾರೆ, ಉರ್ದು ಆಡುವವರಿದ್ದಾರೆ. ಈಚೆಗೆ ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದವರೂ ಸೇರಿದ್ದಾರೆ. ನಮ್ಮಲ್ಲಿ ನೋಂಬು, ನಸುಕಿನ ಊಟ ಅತ್ತಾಯ, ಸಂಜೆಯದು ನೋಂಬುತುರ. ಉರ್ದುವಿನವರಿಗೆ ರೋಜಾ, ಸಹರಿ, ಇಫ್ತಾರ್. ಅರಬ್ಬಿಯ ಮೂಲ ಶಬ್ದ ಸೌಮ್. ಅದರ ಅರ್ಥ ಹಸಿದಿರುವುದು ಅಂತ ಅಲ್ಲ, ತಡೆಹಿಡಿಯುವುದು ಅಂತ. ಈ ಅರ್ಥ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಮೊದಲೇ ಗೊತ್ತಿದ್ದರೆ ಎಷ್ಟೋ ವರ್ಷ ಬರೀ ಹೊಟ್ಟೆಯನ್ನು ಕಾಯುತ್ತಾ ಕೂರುತ್ತಿರಲಿಲ್ಲ.

ಧರ್ಮಶಾಸ್ತ್ರದಲ್ಲಿ ಮಾಪಿಳ್ಳೆಗಳು ಶಾಫಿ ಪದ್ಧತಿಯವರು, ಉರ್ದು ಮನೆಗಳಲ್ಲಿ ಹೆಚ್ಚಾಗಿ ಹನಫಿ. ಅದರಿಂದ ಕೆಲವು ಸಣ್ಣ ವ್ಯತ್ಯಾಸಗಳಿವೆ. ನಾಳೆಯ ನೋಂಬಿನ ನಿಯ್ಯತ್ತನ್ನು (ಸಂಕಲ್ಪವನ್ನು) ನಾವು ಪ್ರತಿ ರಾತ್ರಿ, ಬೆಳಗಾಗುವ ಮೊದಲೇ ಮಾಡಬೇಕು. ಅವರಿಗೆ ಮಧ್ಯಾಹ್ನಕ್ಕೆ ಮುಂಚೆ ಮಾಡಿದರೂ ಸಲ್ಲುತ್ತದೆ.

ಒಂದೊಂದು ವರ್ಷ ಒಂದೊಂದು ತಿಂಗಳಲ್ಲಿ ಬರುತ್ತಲ್ಲ, ಯಾಕೆ?

ಗಣಿತದ ಟೀಚರಿಗೆ ಇಷ್ಟವಾದ ಪ್ರಶ್ನೆ ಇದು. ಚಂದ್ರನ ಹನ್ನೆರಡು ತಿಂಗಳು ಕೂಡಿದರೆ ಸುಮಾರು 354 ದಿನ, ಸೂರ್ಯನ ವರ್ಷ 365. ಹಿಂದೂ ಪಂಚಾಂಗದಲ್ಲಿ ಈ ಕೊರತೆ ತುಂಬಲು ಅಧಿಕ ಮಾಸ ಇದೆ. ಹಿಜರಿಯಲ್ಲಿ ಅದು ಇಲ್ಲ. ಹಾಗಾಗಿ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಜಾರುತ್ತಾ, ಸುಮಾರು 33 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತದೆ.

ಕೊಡಗಿನಲ್ಲಿ ಆ ಸುತ್ತು ಅಂದರೆ ಮಳೆಯಿಂದ ಮಳೆಗೆ. ನಾನು ಮೊದಲ ನೋಂಬು ಹಿಡಿದಿದ್ದು 1983ರ ಜೂನಿನಲ್ಲಿ. ಶಾಲೆ ಆಗಷ್ಟೇ ಶುರುವಾಗಿತ್ತು. ಕೊಡೆ ಹಿಡಿದರೂ ನೆನೆಯುವ ಮಳೆ, ಮೈಯೆಲ್ಲ ನೀರು, ಗಂಟಲು ಮಾತ್ರ ಒಣ. ತುಟಿಯ ಮೇಲೆ ಬಿದ್ದ ಹನಿಯನ್ನು ಒರೆಸಿಕೊಂಡು ಒರೆಸಿಕೊಂಡು ಮನೆಗೆ ಬಂದಿದ್ದೆ. ಇಪ್ಪತ್ತರ ವಯಸ್ಸು ದಾಟುವಾಗ ನೋಂಬು ಡಿಸೆಂಬರಿಗೆ ಬಂದಿತ್ತು: ಕಾಫಿ ಕೊಯ್ಲು, ಕಣದಲ್ಲಿ ಹರಡಿದ ಹಣ್ಣಿನ ವಾಸನೆ, ಬಾಯಾರಿಕೆಯೇ ಗೊತ್ತಾಗದ ಚಳಿ. 2016ರ ಜೂನಿನಲ್ಲಿ ಮತ್ತೆ ಮಳೆ. ಆ ವರ್ಷ ನನ್ನ ಮಗಳು ಮೊದಲ ನೋಂಬು ಹಿಡಿದಳು. ಸರಿಯಾಗಿ 33 ವರ್ಷ. ಬೋರ್ಡಿನ ಮೇಲೆ ಬರೆದ ಲೆಕ್ಕ ಮನೆಯಲ್ಲೇ ತಾಳೆಯಾದದ್ದು ಆಗ. ಅವಳಿಗೆ ರೇನ್‌ಕೋಟ್ ಇತ್ತು, ಅಷ್ಟೇ ವ್ಯತ್ಯಾಸ.

2024, 2025ರಲ್ಲಿ ಮಾರ್ಚ್ ತಿಂಗಳು ಸಿಕ್ಕಿತು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಗಿಡವೆಲ್ಲ ಬೆಳ್ಳಗೆ ಅರಳುವ ಕಾಲ. ಇನ್ನು ಮುಂದೆ ಕೊಯ್ಲಿನ ದಿನಗಳಿಗೆ ಬರುತ್ತಿದೆ. 2030ರಲ್ಲಿ ಜನವರಿಗೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ, ಹೀಗೆ ಒಂದೇ ವರ್ಷದಲ್ಲಿ ಎರಡು ಸಲ ರಂಜಾನ್ ಶುರುವಾಗುತ್ತದೆ.

ಮೈಸೂರಲ್ಲಿ ನಾಳೆ ಹಬ್ಬ ಅಂತ ಟಿವಿಯಲ್ಲಿ ಬಂತು, ನೀವು ಇವತ್ತೇ ಮಾಡ್ತಿದ್ದೀರಲ್ಲ?

ಚಂದ್ರನನ್ನು ಕಣ್ಣಾರೆ ಕಂಡು ತಿಂಗಳು ಶುರುಮಾಡುವುದು ಪದ್ಧತಿ. ಇಪ್ಪತ್ತೊಂಬತ್ತರ ಸಂಜೆ ಕಂಡರೆ ಮಾರನೆ ದಿನ ಹೊಸ ತಿಂಗಳು, ಕಾಣದಿದ್ದರೆ ಮೂವತ್ತು ಪೂರ್ತಿ. ಕರಾವಳಿಯವರೂ ಕೊಡಗಿನ ನಾವೂ ಸಾಮಾನ್ಯವಾಗಿ ಕೇರಳದ ಚಂದ್ರದರ್ಶನದ ಜೊತೆ ಹೋಗುತ್ತೇವೆ. 2024ರಲ್ಲಿ ಕೇರಳ, ಕರಾವಳಿಯಲ್ಲಿ ಏಪ್ರಿಲ್ 10ಕ್ಕೆ ಈದ್ ಆಯಿತು, ರಾಜ್ಯದ ಉಳಿದ ಕಡೆ 11ಕ್ಕೆ. ಮೈಸೂರಿನಲ್ಲಿ ಸಂಬಂಧಿಕರಿದ್ದರೆ ಎರಡು ದಿನ ಬಿರಿಯಾನಿ. ಇದರಲ್ಲಿ ಜಗಳಕ್ಕೇನೂ ಇಲ್ಲ, ರಜೆಯ ಅರ್ಜಿ ಬರೆಯುವವರಿಗೆ ಮಾತ್ರ ತಲೆನೋವು.

## ಜೊತೆಗಿರುವವರು ಕೇಳುವುದು

ಏಕಾದಶಿಗೂ ನಿಮ್ಮದಕ್ಕೂ ಏನು ವ್ಯತ್ಯಾಸ? ನಾವು ಹಣ್ಣು ಹಾಲು ತಗೋತೀವಿ.

ಕಟ್ಟುನಿಟ್ಟಿನವರು ಏಕಾದಶಿಗೆ ನೀರೂ ಮುಟ್ಟುವುದಿಲ್ಲ, ಅದನ್ನು ನಮ್ಮ ಶಾಲೆಯ ಅಡುಗೆಯವರೇ ಮಾಡಿ ತೋರಿಸಿದ್ದಾರೆ. ಹಗಲು ರಾತ್ರಿ ಸೇರಿಸಿದರೆ ಅವರದೇ ದೊಡ್ಡದು. ನಮ್ಮದು ರಾತ್ರಿ ಬಿಡುಗಡೆ ಇರುವ, ಆದರೆ ತಿಂಗಳಿಡೀ ಬಿಡದ ಉಪವಾಸ. ನನ್ನ ಕೇಳಿದರೆ ಇದಕ್ಕೆ ಹತ್ತಿರದ್ದು ಶಬರಿಮಲೆಗೆ ಮಾಲೆ ಹಾಕಿದವರ 41 ದಿನದ ವ್ರತ. ಊಟ ಬಿಡುವುದಿಲ್ಲ ನಿಜ, ಆದರೆ ಮಾತು, ನಡೆ, ನಿದ್ದೆ ಎಲ್ಲದಕ್ಕೂ ಒಂದು ಕಟ್ಟು ಬೀಳುತ್ತದೆ. ನಮ್ಮ ಡ್ರಿಲ್ ಮೇಷ್ಟ್ರು ಮಾಲೆ ಹಾಕಿದ ತಿಂಗಳು ಮಕ್ಕಳನ್ನು ‘ಸ್ವಾಮಿ’ ಅಂತ ಕರೆಯುತ್ತಾರೆ. ಉಳಿದ ಹನ್ನೊಂದು ತಿಂಗಳು ಏನಂತ ಕರೆಯುತ್ತಾರೆ ಅನ್ನುವುದನ್ನು ಬರೆಯಲಾಗುವುದಿಲ್ಲ.

ನೋಂಬಿನ ಆಜ್ಞೆ ಬರುವ ಕುರ್‌ಆನಿನ ವಚನದಲ್ಲೇ, ನಿಮಗಿಂತ ಹಿಂದಿನವರಿಗೆ ವಿಧಿಸಿದ್ದ ಹಾಗೆಯೇ ನಿಮಗೂ ವಿಧಿಸಲಾಗಿದೆ ಎಂಬ ಮಾತಿದೆ. ಉಪವಾಸವನ್ನು ಕಂಡುಹಿಡಿದವರು ನಾವು ಅಂತ ಯಾರೂ ಹೇಳಿಕೊಂಡಿಲ್ಲ.

ನಿಮ್ಮೆದುರು ಡಬ್ಬಿ ಬಿಚ್ಚಿ ತಿನ್ನಬಹುದಾ? ಪಾಪ ಅನಿಸುತ್ತೆ.

ಧಾರಾಳವಾಗಿ ತಿನ್ನಿ. ನನ್ನನ್ನು ಕಂಡು ಬಾಗಿಲ ಹಿಂದೆ ಹೋಗಿ ಚಕ್ಕುಲಿ ಅಗಿದರೆ ಆ ಶಬ್ದವೇ ಹೆಚ್ಚು ಕಷ್ಟ.

ಕಾಫಿ ಇಲ್ಲದೆ ಹೇಗಿರ್ತೀರಾ? ಅದೂ ಕೊಡಗಲ್ಲಿ!

ಇದೊಂದು ಪ್ರಶ್ನೆಗೆ ನನ್ನ ಹತ್ತಿರ ಶೌರ್ಯದ ಉತ್ತರ ಇಲ್ಲ. ಅನ್ನ ಬಿಡುವುದು ಎರಡನೇ ದಿನಕ್ಕೆ ಅಭ್ಯಾಸವಾಗುತ್ತದೆ. ಬೆಲ್ಲದ ಕಾಫಿ ಬಿಡುವುದು ಆಗುವುದಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದ ಕೂಡಲೇ ಒಂದು, ಹನ್ನೊಂದಕ್ಕೆ ಸ್ಟಾಫ್ ರೂಮಿನಲ್ಲಿ ಒಂದು, ನಾಲ್ಕಕ್ಕೆ ಮನೆಗೆ ಬಂದು ಒಂದು, ಹೀಗೆ ಬೆಳೆದ ಮೈಗೆ ಮೊದಲ ನೋಂಬಿನ ಮಧ್ಯಾಹ್ನ ಹಣೆಯ ಎರಡು ಕಡೆಯಿಂದ ಯಾರೋ ಹಿಡಿದು ಒತ್ತಿದ ಹಾಗೆ ಆಗುತ್ತದೆ. ಹಸಿವಿನ ತಲೆನೋವು ಅಂತ ಜನ ತಿಳಿಯುತ್ತಾರೆ. ಅದು ಕೆಫೀನ್ ಸಿಗದ ತಲೆನೋವು. ಎರಡು ಮೂರು ದಿನ ಇದ್ದು ಹೋಗುತ್ತದೆ. ನಾನೀಗ ಹಿಂದಿನ ತಿಂಗಳು, ಶಅಬಾನಿನಲ್ಲೇ ಒಂದೊಂದು ಲೋಟ ಕಡಿಮೆ ಮಾಡುತ್ತಾ ಬರುತ್ತೇನೆ. ಅತ್ತಾಯಕ್ಕೆ ಗಟ್ಟಿ ಕಾಫಿ ಕುಡಿದು ಮೋಸ ಮಾಡಲು ನೋಡಿದ್ದುಂಟು. ಬೆಳಿಗ್ಗೆ ಹತ್ತರೊಳಗೆ ಕುಡಿದ ನೀರೆಲ್ಲ ಹೊರಗೆ ಹೋಗಿ ಗಂಟಲು ಮರಳಾಯಿತು.

ಮಾರ್ಚಿನಲ್ಲಿ ಬಂದ ನೋಂಬಿನಲ್ಲಿ ಇನ್ನೊಂದು ತಮಾಷೆ. ತೋಟವಿಡೀ ಹೂ ಬಿಟ್ಟಿದೆ, ಮಲ್ಲಿಗೆಯಂಥ ವಾಸನೆ ತರಗತಿಯ ಒಳಗೂ ಬರುತ್ತಿದೆ. ಕಾಫಿ ಹೂವಿಗೂ ಕುಡಿಯುವ ಕಾಫಿಗೂ ವಾಸನೆಯಲ್ಲಿ ಯಾವ ಸಂಬಂಧವೂ ಇಲ್ಲ, ಆದರೂ ನನ್ನ ಮೂಗು ಸಂಬಂಧ ಹುಡುಕಿಕೊಂಡು ಕೂರುತ್ತದೆ.

ಕಾಫಿಯನ್ನು ಮೊದಮೊದಲು ಕುಡಿದವರಲ್ಲಿ ಯೆಮೆನ್ ದೇಶದ ಸೂಫಿಗಳಿದ್ದರು, ಅದೂ ರಾತ್ರಿಯ ಪ್ರಾರ್ಥನೆಯಲ್ಲಿ ನಿದ್ದೆ ಬರಬಾರದೆಂದು. ರಂಜಾನಿನ ರಾತ್ರಿ, ಇಪ್ಪತ್ತು ರಕಅತ್ (ಸುತ್ತು) ತರಾವೀಹ್ ನಮಾಜು ಮುಗಿಸಿ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಲೋಟ ಎತ್ತುವಾಗ, ಈ ಕಾಫಿ ತನ್ನ ಹಳೇ ಕೆಲಸಕ್ಕೆ ವಾಪಸು ಬಂದಿದೆ ಅಂದುಕೊಳ್ಳುತ್ತೇನೆ.

ಬಿಸಿಲಲ್ಲಿ ತೋಟದ ಕೆಲಸ ಮಾಡೋರು ಹೇಗೆ ಹಿಡೀತಾರೆ?

ಫ್ಯಾನಿನ ಕೆಳಗೆ ಪಾಠ ಮಾಡುವ ನನ್ನ ನೋಂಬನ್ನು ಅವರದರ ಪಕ್ಕ ಇಟ್ಟು ನೋಡಲು ನಾಚಿಕೆಯಾಗುತ್ತದೆ. ಕೊಯ್ಲಿನ ಕಾಲದಲ್ಲಿ ನೆರಳು, ಚಳಿ ಇರುತ್ತದೆ, ಹೇಗೋ ಸಾಗುತ್ತದೆ. ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಪೈಪು ಹೆಗಲ ಮೇಲೆ ಹೊತ್ತು ಏರಿ ಇಳಿಯುವುದು ಬೇರೆ ಮಾತು. ಅದೂ ಸುತ್ತಲೂ ನೀರು ಚಿಮ್ಮುತ್ತಿರುವಾಗ. ನಿಯಮ ಕಲ್ಲಿನಂಥದ್ದಲ್ಲ. ರಾತ್ರಿ ನಿಯ್ಯತ್ತು ಮಾಡಿ ಕೆಲಸಕ್ಕೆ ಹೋಗಬೇಕು, ಇನ್ನು ತಡೆಯಲಾರೆ ಅನ್ನುವ ಸ್ಥಿತಿ ಬಂದರೆ ಮುರಿದು, ಆಮೇಲೆ ಒಂದು ದಿನ ಹಿಡಿದು ತೀರಿಸಬೇಕು. ಆದರೂ ಮುರಿದವರನ್ನು ನಾನು ಕಂಡದ್ದು ಕಡಿಮೆ.

ತೋಟದ ಮಾಲೀಕರಿಗೆ ಒಂದೇ ಮಾತು. ಬೆಳಿಗ್ಗೆ ಒಂದು ಗಂಟೆ ಬೇಗ ಕರೆದು, ಸಂಜೆ ಬೇಗ ಬಿಡಿ. ಸಿದ್ದಾಪುರ, ಅಮ್ಮತ್ತಿ, ನೆಲ್ಯಹುದಿಕೇರಿ ಕಡೆ ಕತ್ತಲಾದ ಮೇಲೆ ದಾರಿಯಲ್ಲಿ ಆನೆ. ನೋಂಬುತುರಕ್ಕೆ ಲೈನ್ ಮನೆ (ಕೂಲಿಯವರ ಸಾಲುಮನೆ) ಸೇರಬೇಕೆಂದು ಓಡುವವನಿಗೆ ಆನೆಗಿಂತ ಬಾಂಗಿನ ಚಿಂತೆ ಹೆಚ್ಚು, ಅದೇ ಅಪಾಯ. ರಾತ್ರಿ ತರಾವೀಹಿಗೂ ಗಂಡಸರು ಒಬ್ಬೊಬ್ಬರೇ ಹೋಗುವುದಿಲ್ಲ. ಜೀಪಿನಲ್ಲಿ ಒಟ್ಟಾಗಿ ಹೋಗಿ ಒಟ್ಟಾಗಿ ಬರುತ್ತಾರೆ.

ಸಂಜೆ ಅಷ್ಟೆಲ್ಲಾ ಕರಿದದ್ದು ತಿಂದರೆ ಉಪವಾಸ ಅಂತ ಏನು ಬಂತು?

ಕೇಳಿದವರು ನಮ್ಮ ಹೆಡ್‌ಮಾಸ್ಟರು. ಸಿಟ್ಟು ಬಂತು, ಆಮೇಲೆ ಒಪ್ಪಿಕೊಂಡೆ.

ಪ್ರವಾದಿಯವರು ನೋಂಬು ಬಿಡುತ್ತಿದ್ದದ್ದು ಖರ್ಜೂರದಿಂದ, ಅದು ಇಲ್ಲದಿದ್ದರೆ ಬರೀ ನೀರಿನಿಂದ. ಖರ್ಜೂರದ ಸಕ್ಕರೆ ಬೇಗ ರಕ್ತಕ್ಕೆ ಸೇರುತ್ತದೆ, ನಡುಕ ನಿಲ್ಲುತ್ತದೆ. ಉಮ್ಮುಮ್ಮನ (ಅಜ್ಜಿಯ) ಕಾಲದಲ್ಲಿ ಅದರ ಜೊತೆ ಮಸೀದಿಯಿಂದ ತೂಕುಪಾತ್ರೆಯಲ್ಲಿ ತಂದ ಜೀರಿಗೆ ಗಂಜಿ, ಮನೆಯಲ್ಲಿ ಮಾಡಿದ ತರಿಕಂಜಿ: ರವೆಯನ್ನು ಹಾಲಿನಲ್ಲಿ ತೆಳ್ಳಗೆ ಬೇಯಿಸಿ, ತುಪ್ಪದಲ್ಲಿ ಹುರಿದ ಸಣ್ಣ ಈರುಳ್ಳಿ ಹಾಕಿದ್ದು. ನಮಾಜಿನ ನಂತರ ಪತ್ತಿರಿ (ಅಕ್ಕಿ ರೊಟ್ಟಿ), ಸಾರು. ಮುಗಿಯಿತು. ಈಗ? ಸಮೋಸ, ಕಟ್ಲೆಟ್, ಉನ್ನಕ್ಕಾಯಿ, ಕೋಳಿ ಅಡ, ಮೂರು ಬಣ್ಣದ ಶರಬತ್ತು. ಮೂರು ಗಂಟೆಗೆ ಒಲೆಯ ಮುಂದೆ ನಿಂತ ಹೆಂಗಸು ಬಾಂಗ್ ಆಗುವವರೆಗೆ ಅಲ್ಲೇ. ಎಲ್ಲರೂ ಖರ್ಜೂರ ಬಾಯಿಗಿಟ್ಟಾಗ ಅವಳ ಕೈಯಲ್ಲಿ ಜಾಲರಿ ಸೌಟು. ಹಸಿವನ್ನು ತಡೆದವರಿಗೆ ನಾಲಿಗೆಯನ್ನು ತಡೆಯಲಾಗುವುದಿಲ್ಲ, ಆ ಸಾಲ ತೀರಿಸುವವಳು ಇವಳು.

ಕೆಲವು ವರ್ಷದ ಹಿಂದೆ ಒಂದು ಸಂಜೆ ಎಣ್ಣೆ ಹಾರಿ ಕೈ ಸುಟ್ಟುಕೊಂಡೆ. ಅಂದು ರಾತ್ರಿಯೇ ಮನೆಯಲ್ಲಿ ಹೇಳಿದೆ: ಕರಿದದ್ದು ಶುಕ್ರವಾರ, ಭಾನುವಾರ ಮಾತ್ರ. ಉಳಿದ ದಿನ ಖರ್ಜೂರ, ಕಲ್ಲಂಗಡಿ, ಗಂಜಿ, ಪತ್ತಿರಿ. ಮೊದಲ ವಾರ ಮುಖ ಊದಿಸಿಕೊಂಡರು. ಈಗ ಅತ್ತಾಯದ ಅಡುಗೆ ಗಂಡನದು. ಒಳ್ಳೆಯ ಅಡುಗೆಯಲ್ಲ, ಆದರೆ ಮೂರೂವರೆ ಗಂಟೆಯ ಕತ್ತಲಲ್ಲಿ ಯಾರೂ ರುಚಿಯ ಬಗ್ಗೆ ವಾದಿಸುವುದಿಲ್ಲ.

ಬಾಯಿಗಿಡದೆ ಉಪ್ಪು ಸರಿ ಇದೆ ಅಂತ ಹೇಗೆ ಗೊತ್ತಾಗುತ್ತೆ?

ಅಡುಗೆ ಮಾಡುವವರು ನಾಲಿಗೆಯ ತುದಿಗೆ ಮುಟ್ಟಿಸಿ ಉಗಿಯಬಹುದು, ಗಂಟಲಿಗೆ ಇಳಿಯಬಾರದು. ನನಗೆ ಧೈರ್ಯ ಸಾಲದು, ಕೈಯಳತೆಯಲ್ಲೇ ಹಾಕುತ್ತೇನೆ. ಮೊದಲ ದಿನದ ಸಾರು ನಮ್ಮ ಮನೆಯಲ್ಲಿ ಪ್ರತಿ ವರ್ಷ ಉಪ್ಪು.

ನಮ್ಮ ಮನೆಯಿಂದ ಏನಾದರೂ ಮಾಡಿ ಕೊಟ್ಟರೆ ತಗೋತೀರಾ?

ಯಾಕೆ ತಗೊಳ್ಳುವುದಿಲ್ಲ? ಪಂದಿ, ಮದ್ಯ ಸೇರಿರಬಾರದು. ಮಾಂಸವಾದರೆ ನಮ್ಮ ರೀತಿಯಲ್ಲಿ ಕೊಯ್ದದ್ದಾಗಬೇಕು. ಹಣ್ಣು, ಸಿಹಿ, ತರಕಾರಿ, ಏನಾದರೂ ಸರಿ. ನೋಂಬುತುರಕ್ಕೆ ಬರುವವರೂ ಇದನ್ನೇ ಕೇಳುತ್ತಾರೆ. ಬರಿಗೈಯಲ್ಲಿ ಬಂದರೂ ಸಂತೋಷವೇ, ಬಾಂಗಿಗೆ ಐದು ನಿಮಿಷ ಮೊದಲು ಬನ್ನಿ ಸಾಕು. ಆ ಐದು ನಿಮಿಷ ನೋಡುವಂಥದ್ದು. ಎಲ್ಲರೆದುರು ತಟ್ಟೆ ಇದೆ, ಯಾರೂ ಮುಟ್ಟುವುದಿಲ್ಲ, ಹರಟೆಮಲ್ಲರೂ ಸುಮ್ಮನಾಗುತ್ತಾರೆ.

2011ರಿಂದ 13ರವರೆಗೆ ಸತತ ಮೂರು ವರ್ಷ ಕಕ್ಕಡ ಹದಿನೆಂಟು (ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ) ನೋಂಬಿನೊಳಗೇ ಬಂತು. ಆಗಸ್ಟ್ ಮೂರರ ಸುಮಾರಿಗೆ ಮದ್ದು ಸೊಪ್ಪಿಗೆ ಹದಿನೆಂಟು ಬಗೆಯ ಔಷಧಿಯ ಗುಣ ಕೂಡುತ್ತದೆ ಎನ್ನುವುದು ಕೊಡಗಿನ ನಂಬಿಕೆ. ಪಕ್ಕದ ಮನೆಯ ಆಂಟಿ ಪ್ರತಿ ವರ್ಷ ಬೆಳಿಗ್ಗೆಯೇ ಪಾಯಸ ಕಳಿಸುತ್ತಿದ್ದವರು, ಮೊದಲ ವರ್ಷ ತಂದು ಬಾಗಿಲಲ್ಲಿ ನಿಂತು ನಾಲಿಗೆ ಕಚ್ಚಿಕೊಂಡರು. ಪಾತ್ರೆ ವಾಪಸು ಒಯ್ದು, ಸುರಿಯುವ ಮಳೆಯಲ್ಲಿ ಸಂಜೆ ಆರೂವರೆಗೆ ಮತ್ತೆ ಬಿಸಿಮಾಡಿ ತಂದರು. ಆ ವರ್ಷ ನಾವು ಖರ್ಜೂರದ ಬೆನ್ನಿಗೆ ಕುಡಿದದ್ದು ನೇರಳೆ ಬಣ್ಣದ ಮದ್ದು ಪಾಯಸ. ಮುಂದಿನ ಎರಡು ವರ್ಷ ಅವರೇ ಕ್ಯಾಲೆಂಡರ್ ನೋಡಿಕೊಂಡು ಸಂಜೆಗೇ ಮಾಡಿದರು.

ನೋಂಬಲ್ಲಿ ನಿಮಗೆ ಸಿಟ್ಟು ಜಾಸ್ತಿ ಅಲ್ವಾ?

ಹೌದು. ಮಧ್ಯಾಹ್ನ ಮೂರರ ನಂತರ ನನ್ನ ಹತ್ತಿರ ಸುಳಿಯಬೇಡಿ ಅಂತ ನಾನೇ ಹೇಳಿಟ್ಟಿದ್ದೇನೆ. ಇದಕ್ಕಾಗಿ ಹೆಮ್ಮೆಪಡುವಂತಿಲ್ಲ. ಸುಳ್ಳು ಮಾತನ್ನೂ ಸುಳ್ಳಿನ ನಡೆಯನ್ನೂ ಬಿಡದವನು ಅನ್ನ ನೀರು ಬಿಡುವುದರಿಂದ ಅಲ್ಲಾಹನಿಗೆ ಏನೂ ಆಗಬೇಕಾದ್ದಿಲ್ಲ ಎಂದು ಹದೀಸಿನಲ್ಲಿ, ಅಂದರೆ ಪ್ರವಾದಿಯವರ ನುಡಿಗಳಲ್ಲಿ, ಇದೆ. ಯಾರಾದರೂ ಬೈದರೆ ‘ನನಗೆ ನೋಂಬಿದೆ’ ಅಂದು ಸುಮ್ಮನಾಗು ಎಂದೂ ಇದೆ. ಆ ಮಾತು ಎದುರಿನವನಿಗಿಂತ ಹೆಚ್ಚಾಗಿ ಹೇಳುವವನ ಕಿವಿಗೆ ಬೀಳಲಿ ಅಂತ ಇರಬೇಕು.

ಒಮ್ಮೆ ಕೊನೆಯ ಪೀರಿಯಡ್‌ನಲ್ಲಿ ಹುಡುಗನೊಬ್ಬನಿಗೆ ಬೀಜಗಣಿತದ ಸಣ್ಣ ತಪ್ಪಿಗೆ ಇಡೀ ತರಗತಿಯ ಮುಂದೆ ಬೈದೆ. ಅವನು ಅಳಲಿಲ್ಲ, ತಲೆ ತಗ್ಗಿಸಿ ನಿಂತ. ಅಂದು ಸಂಜೆ ಖರ್ಜೂರ ಬಾಯಿಗಿಡುವಾಗ ಲೆಕ್ಕ ಹಾಕಿದೆ: ಹದಿಮೂರು ಗಂಟೆ ಹೊಟ್ಟೆ ಕಾದೆ, ಅರ್ಧ ನಿಮಿಷ ಬಾಯಿ ಕಾಯಲಿಲ್ಲ. ಮಾರನೆ ದಿನ ಅದೇ ತರಗತಿಯ ಮುಂದೆ ಕ್ಷಮೆ ಕೇಳಿದೆ. ‘ಪರವಾಗಿಲ್ಲ ಟೀಚರ್, ನಿಮಗೆ ಹಸಿವಾಗಿತ್ತು’ ಅಂದ. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

## ಹಿಡಿಯುವವರೇ ಕೇಳುವುದು

ಮರೆತು ನೀರು ಕುಡಿದುಬಿಟ್ಟೆ. ಹೋಯ್ತಾ?

ಹೋಗಲಿಲ್ಲ. ನಿಜವಾಗಿ ಮರೆತಿದ್ದರೆ ನೆನಪಾದ ಕ್ಷಣ ನಿಲ್ಲಿಸಿ, ನೋಂಬು ಮುಂದುವರಿಸಿ. ಅದು ಅಲ್ಲಾಹನೇ ಕುಡಿಸಿದ್ದು ಎಂಬ ಮಾತು ಹದೀಸಿನಲ್ಲಿದೆ. ಬೇಕೆಂದೇ ವಾಂತಿ ಮಾಡಿಕೊಂಡರೆ ಮುರಿಯುತ್ತದೆ, ತಾನಾಗಿ ಬಂದರೆ ಇಲ್ಲ. ಕಣ್ಣಿಗೆ ಹನಿ ಬಿಟ್ಟರೆ ಮುರಿಯದು, ಮೂಗಿಗೆ ಬಿಟ್ಟದ್ದು ಒಳಗಿಳಿದರೆ ಮುರಿಯುತ್ತದೆ. ಔಷಧಿಯ ಇಂಜೆಕ್ಷನ್‌ನಿಂದ ಮುರಿಯುವುದಿಲ್ಲ ಅನ್ನುವುದು ಹೆಚ್ಚಿನ ವಿದ್ವಾಂಸರ ಮಾತು. ಗ್ಲೂಕೋಸ್ ಡ್ರಿಪ್ ಹಾಕಿಸಿಕೊಳ್ಳುವ ಹಂತಕ್ಕೆ ಬಂದವರು ಹೇಗೂ ನೋಂಬು ಬಿಡಲು ಅನುಮತಿಯಿರುವ ರೋಗಿಗಳೇ. ಹಲ್ಲುಜ್ಜಬಹುದು, ಆದರೆ ಶಾಫಿಯವರು ಮಧ್ಯಾಹ್ನದ ನಂತರ ಉಜ್ಜದಿರುವುದು ಒಳ್ಳೆಯದು ಅನ್ನುತ್ತಾರೆ.

ಶುಗರ್ ಇದೆ, ಆದರೂ ಬಿಡಲು ಮನಸ್ಸಿಲ್ಲ. ಹಿಡಿಯಬಹುದಾ?

ನನ್ನ ಉಪ್ಪನೂ (ಅಪ್ಪನೂ) ಇದನ್ನೇ ಕೇಳುತ್ತಿದ್ದರು, ಉತ್ತರ ಮೊದಲೇ ತೀರ್ಮಾನಿಸಿಕೊಂಡು. ರಂಜಾನಿಗೆ ಒಂದೆರಡು ತಿಂಗಳು ಮೊದಲೇ ಡಾಕ್ಟರ ಹತ್ತಿರ ಹೋಗಿ. ಮಾತ್ರೆ, ಇನ್ಸುಲಿನ್ ಅಳತೆಯನ್ನು ನೀವೇ ಬದಲಾಯಿಸಬೇಡಿ. ಬೆರಳು ಚುಚ್ಚಿ ಶುಗರ್ ನೋಡಿದರೆ ನೋಂಬು ಮುರಿಯುವುದಿಲ್ಲ, ಆ ಹೆದರಿಕೆಗೆ ನೋಡದೆ ಕೂತವರು ಬಹಳ ಜನ. ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗೆ ಬಂದರೆ, ಅಥವಾ 300 ದಾಟಿದರೆ, ಬಾಂಗಿಗೆ ಹತ್ತು ನಿಮಿಷವಿದ್ದರೂ ಕಾಯದೆ ಮುರಿಯಬೇಕು. ಚಿಕ್ಕಂದಿನಿಂದ ಇನ್ಸುಲಿನ್ ಮೇಲಿರುವವರು, ಮೂತ್ರಪಿಂಡದ ತೊಂದರೆ ಇರುವವರು ಹಿಡಿಯಬಾರದೆಂದು ಡಾಕ್ಟರು ಹೇಳಿದರೆ ಅಲ್ಲಿಗೆ ಮಾತು ಮುಗಿಯಿತು.

ರೋಗಿಗೆ, ಪ್ರಯಾಣಿಕನಿಗೆ ರಿಯಾಯಿತಿ ಇರುವುದು ಕುರ್‌ಆನಿನಲ್ಲೇ. ಗುಣವಾಗುವ ಕಾಯಿಲೆಯಾದರೆ ಆಮೇಲೆ ಹಿಡಿದು ತೀರಿಸುವುದು, ಗುಣವಾಗದ ಕಾಯಿಲೆ ಅಥವಾ ಮುಪ್ಪಾದರೆ ದಿನಕ್ಕೊಬ್ಬ ಬಡವನ ಆಹಾರ ಕೊಡುವುದು. ಇದಕ್ಕೆ ಫಿದ್ಯ ಅನ್ನುತ್ತಾರೆ. ಶಾಫಿ ಲೆಕ್ಕದಲ್ಲಿ ದಿನಕ್ಕೆ ಒಂದು ಮುದ್ದ್, ಹೆಚ್ಚುಕಡಿಮೆ ಮುಕ್ಕಾಲು ಕಿಲೋ ಅಕ್ಕಿ. ಉಪ್ಪ ಕೊನೆಯ ನಾಲ್ಕು ವರ್ಷ ಅಕ್ಕಿ ಅಳೆದು ಕೊಟ್ಟರು. ಅಳೆಯುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು. ಹಿಡಿಯುವುದಕ್ಕಿಂತ ಬಿಡುವುದು ಕಷ್ಟವಾದವರೂ ಇದ್ದಾರೆ.

ಮಗನಿಗೆ ಏಳು ವರ್ಷ, ಹಿಡೀತೀನಿ ಅಂತ ಹಟ. ಬಿಡಲಾ?

ಪ್ರಾಯಕ್ಕೆ ಬರುವವರೆಗೆ ಕಡ್ಡಾಯ ಇಲ್ಲ. ಅಭ್ಯಾಸಕ್ಕೆ ಅರ್ಧ ದಿನ ಸಾಕು, ಪರೀಕ್ಷೆಯ ದಿನ ಬೇಡ. ನನ್ನ ತರಗತಿಯಲ್ಲಿ ನೋಂಬಿನ ಮಕ್ಕಳು ಎಷ್ಟು ನೋಂಬಾಯಿತು ಅಂತ ಕ್ರಿಕೆಟ್ ಸ್ಕೋರಿನ ಹಾಗೆ ಹೇಳಿಕೊಳ್ಳುತ್ತಾರೆ. ಅದನ್ನು ಮನೆಯಲ್ಲಿ ಬೆಳೆಸಬೇಡಿ. ತಲೆ ಸುತ್ತಿದರೆ ಹೇಳಲು ಮಗುವಿಗೆ ಭಯ ಇರಬಾರದು.

ಆ ದಿನಗಳಲ್ಲಿ ಹೆಂಗಸರು ಏನು ಮಾಡೋದು?

ಮುಟ್ಟಿನ ದಿನಗಳಲ್ಲಿ ನೋಂಬು ಇಲ್ಲ, ಹಿಡಿದರೂ ಸಲ್ಲುವುದಿಲ್ಲ. ಆಮೇಲೆ ಅಷ್ಟೇ ದಿನ ಹಿಡಿದು ತೀರಿಸಬೇಕು. ಆ ದಿನಗಳ ನಮಾಜನ್ನು ಮಾತ್ರ ತೀರಿಸಬೇಕಿಲ್ಲ. ಬಸುರಿಯರು, ಹಾಲೂಡಿಸುವವರು ತಮಗೋ ಮಗುವಿಗೋ ತೊಂದರೆ ಅನಿಸಿದರೆ ಬಿಟ್ಟು ಮತ್ತೆ ಹಿಡಿಯಬಹುದು. ನಿಯಮ ಇಷ್ಟೇ.

ನಿಯಮದಲ್ಲಿ ಇಲ್ಲದ ಇನ್ನೊಂದಿದೆ. ನೋಂಬಿಲ್ಲದ ದಿನವೂ ಅಣ್ಣ ತಮ್ಮಂದಿರಿಗೆ ಗೊತ್ತಾಗಬಾರದೆಂದು ಹೆಣ್ಣುಮಕ್ಕಳು ಅತ್ತಾಯಕ್ಕೆ ಎದ್ದು, ಹಗಲು ಬಚ್ಚಲಿಗೆ ಹೋಗಿ ನೀರು ಕುಡಿಯುತ್ತಾರೆ. ನಾನೂ ಹಾಗೆ ಮಾಡಿದವಳೇ. ಈಗ ನಮ್ಮ ಮನೆಯಲ್ಲಿ ಮಗಳು ಅಡುಗೆಮನೆಯಲ್ಲಿ ಕೂತು ತಿನ್ನುತ್ತಾಳೆ, ಯಾರೂ ಪ್ರಶ್ನೆ ಕೇಳುವುದಿಲ್ಲ. ದೇವರೇ ಕೊಟ್ಟ ರಜೆಯನ್ನು ಕದ್ದು ಅನುಭವಿಸುವ ಅಗತ್ಯ ಏನಿದೆ?

ಫಿತ್ರ್ ಝಕಾತ್ ಎಷ್ಟು? ದುಡ್ಡು ಕೊಟ್ಟರೆ ಆಗುತ್ತಾ?

ಹಬ್ಬಕ್ಕೆ ಮೊದಲು ಬಡವರಿಗೆ ಕೊಡುವ ಈ ದಾನ ತಲೆಗೆ ಒಂದು ಸಾಅ್, ಅಂದರೆ ಸುಮಾರು ಎರಡೂವರೆಯಿಂದ ಮೂರು ಕಿಲೋ ಅಕ್ಕಿ. ಶಾಫಿಯವರು ಧಾನ್ಯವನ್ನೇ ಕೊಡಬೇಕು, ಹನಫಿಯವರು ಬೆಲೆಯನ್ನೂ ಕೊಡಬಹುದು. ಮನೆಯ ಹಸುಗೂಸಿಗೂ ಲೆಕ್ಕ. ಈದ್ ನಮಾಜಿಗೆ ಮೊದಲೇ ತಲುಪಬೇಕು, ಹಬ್ಬದ ದಿನ ಯಾರ ಒಲೆಯೂ ತಣ್ಣಗಿರಬಾರದು ಅಂತ. ಕೊಡುವಾಗ ನೀವು ಉಣ್ಣುವ ಅಕ್ಕಿಯನ್ನೇ ಕೊಡಿ, ದಾನಕ್ಕೆಂದೇ ಬೇರೆ ಚೀಲ ತರಬೇಡಿ.

ಇಪ್ಪತ್ತೇಳನೇ ರಾತ್ರಿಯೇ ಲೈಲತುಲ್ ಕದ್ರ್ ಅಂತ ಖಂಡಿತಾನಾ?

ಖಂಡಿತ ಅಂತ ಹೇಳಿಲ್ಲ. ಸಾವಿರ ತಿಂಗಳಿಗಿಂತ ಶ್ರೇಷ್ಠವಾದ ಆ ರಾತ್ರಿಯನ್ನು ಕೊನೆಯ ಹತ್ತು ದಿನದ ಬೆಸ ರಾತ್ರಿಗಳಲ್ಲಿ ಹುಡುಕಿ ಎಂದಿದೆ. ಇಪ್ಪತ್ತೇಳರ ಮೇಲೆ ಜನರ ಒಲವು ಹೆಚ್ಚು. ಸಾವಿರ ತಿಂಗಳೆಂದರೆ 83 ವರ್ಷ 4 ತಿಂಗಳು ಅಂತ ಮಕ್ಕಳಿಂದ ಭಾಗಾಕಾರ ಮಾಡಿಸಿದ್ದೇನೆ.

## ಉತ್ತರ ಹೇಳಲು ತಡವರಿಸುವಂಥವು

ಬಾಗಿಲು ಹಾಕಿಕೊಂಡು ಒಂದು ಲೋಟ ನೀರು ಕುಡಿದರೆ ಯಾರಿಗೆ ಗೊತ್ತಾಗುತ್ತೆ?

ಯಾರಿಗೂ ಇಲ್ಲ. ಒಂಬತ್ತನೇ ತರಗತಿಯ ಹುಡುಗ ಕೇಳಿದ್ದು, ತುಂಟತನಕ್ಕೆ ಕೇಳಿದ್ದ. ಆದರೆ ನೋಂಬಿನ ನಡುಮಧ್ಯಕ್ಕೇ ಕೈ ಹಾಕಿದ್ದ. ನಮಾಜು ಕಾಣುತ್ತದೆ, ದಾನ ಕಾಣುತ್ತದೆ, ಹಜ್ಜಿಗೆ ಹೋಗಿ ಬಂದದ್ದು ಹೆಸರಿಗೇ ಅಂಟುತ್ತದೆ. ನೋಂಬು ಕಾಣುವುದಿಲ್ಲ. ನೋಂಬು ನನಗಾಗಿ, ಅದರ ಪ್ರತಿಫಲ ಕೊಡುವವನು ನಾನೇ ಎಂದು ಅಲ್ಲಾಹನು ಹೇಳುವುದಾಗಿ ಒಂದು ಹದೀಸಿದೆ.

ದಿನಕ್ಕೆ ಐದು ಸಲ ವುಝು (ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವುದು) ಮಾಡುವಾಗ ಬಾಯಿಗೆ ನೀರು ಹಾಕಿ ಮುಕ್ಕಳಿಸುತ್ತೇವೆ. ನೀರು ನಾಲಿಗೆಯ ಮೇಲಿದೆ, ತಣ್ಣಗಿದೆ, ಬಚ್ಚಲಲ್ಲಿ ಬೇರೆ ಯಾರಿಲ್ಲ. ಹದಿಮೂರನೇ ವಯಸ್ಸಿನಲ್ಲಿ ಒಂದು ಅಸರ್ ನಮಾಜಿನ ಹೊತ್ತು ನಾನು ಅದನ್ನು ನುಂಗಿದೆ. ಮರೆತು ಅಲ್ಲ, ಗೊತ್ತಿದ್ದೇ. ಸಂಜೆ ಎಲ್ಲರ ಜೊತೆ ಕೂತು ಖರ್ಜೂರ ತಿಂದೆ, ಪ್ರಾರ್ಥನೆ ಹೇಳಿದೆ, ಯಾರ ಮುಖದಲ್ಲೂ ಏನೂ ಬದಲಾಗಲಿಲ್ಲ. ಅದೇ ಭಯವಾಯಿತು. ಎರಡು ದಿನ ಕಳೆದು ಉಮ್ಮುಮ್ಮನಿಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು, ಮೊರದಿಂದ ತಲೆ ಎತ್ತಲಿಲ್ಲ. ‘ಇದನ್ನು ನನಗೆ ಯಾಕೆ ಹೇಳ್ತೀ ಮೋಳೇ? ನನಗೆ ಕೊಡಬೇಕಾದ್ದು ಏನಾದರೂ ಇತ್ತಾ? ಹಬ್ಬ ಕಳೆದು ಒಂದು ದಿನ ಹಿಡಿ’ ಅಂದರು. ಹಿಡಿದೆ. ಇಡೀ ಮನೆಯಲ್ಲಿ ನನಗೊಬ್ಬಳಿಗೇ ನೋಂಬಿದ್ದ ಆ ದಿನದಷ್ಟು ಉದ್ದದ ದಿನ ಇನ್ನೊಂದು ನೆನಪಿಲ್ಲ.

ಇಷ್ಟು ವರ್ಷ ಹಿಡಿದು ನಿಮಗೆ ಸಿಕ್ಕಿದ್ದೇನು?

ಬಡವರ ಹಸಿವು ಅರ್ಥವಾಯಿತು ಅಂತ ಹೇಳುವುದು ಸುಲಭ, ಭಾಷಣದಲ್ಲಿ ಚೆನ್ನಾಗಿ ಕೇಳುತ್ತದೆ. ನನಗೆ ಅರ್ಥವಾಗಿಲ್ಲ. ಸಂಜೆ ಆರೂವರೆಗೆ ಊಟ ಖಂಡಿತ ಎಂದು ಗೊತ್ತಿರುವವಳ ಹಸಿವಿಗೂ, ಗೊತ್ತಿಲ್ಲದವಳ ಹಸಿವಿಗೂ ಹೋಲಿಕೆಯೇ ಇಲ್ಲ.

ಸಿಕ್ಕಿದ್ದು ಇಷ್ಟು: ಕೈ ತಾನಾಗಿ ಲೋಟದ ಕಡೆ ಹೋಗುವುದಕ್ಕೂ ನಾನು ಕುಡಿಯುವುದಕ್ಕೂ ನಡುವೆ ಒಂದು ಸಣ್ಣ ಜಾಗ ಇದೆ ಅಂತ ಗೊತ್ತಾಯಿತು. ಹನ್ನೊಂದು ತಿಂಗಳು ಆ ಜಾಗ ಕಾಣುವುದಿಲ್ಲ.

ನೋಂಬು ಮುಗಿದಾಗ ಖುಷಿನಾ, ಬೇಜಾರಾ?

ಹಬ್ಬದ ದಿನ ನೋಂಬು ಹಿಡಿಯುವುದು ನಿಷಿದ್ಧ. ನಮಾಜಿಗೆ ಹೊರಡುವ ಮೊದಲು ಏನಾದರೂ ತಿಂದೇ ಹೋಗಬೇಕು. ಶವ್ವಾಲಿನಲ್ಲಿ ಇನ್ನೂ ಆರು ನೋಂಬು ಹಿಡಿಯುವುದು ಸುನ್ನತ್ತು (ಕಡ್ಡಾಯವಲ್ಲ, ಮಾಡಿದರೆ ಪುಣ್ಯ). ಉಮ್ಮ (ಅಮ್ಮ) ಹಬ್ಬದ ಮಾರನೆ ದಿನದಿಂದಲೇ ಶುರುಮಾಡುತ್ತಾರೆ, ನಾನು ತಿಂಗಳ ಕೊನೆಗೆ ತಳ್ಳುತ್ತೇನೆ.

ಕಳೆದ ಈದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಬೆಲ್ಲದ ಕಾಫಿ ಕಾಯಿಸಿದೆ. ಒಂದು ತಿಂಗಳಿಂದ ಕಾದಿದ್ದ ಬೆಳಗಿನ ಕಾಫಿ. ಲೋಟ ಎತ್ತಿ ಅಭ್ಯಾಸದಂತೆ ಕಿಟಕಿ ನೋಡಿದೆ. ಹೊರಗೆ ಪೂರ್ತಿ ಬೆಳಕಾಗಿತ್ತು, ಎದೆ ಧಸಕ್ಕೆಂದಿತು, ಲೋಟ ಕೆಳಗಿಟ್ಟುಬಿಟ್ಟೆ. ಇವತ್ತು ಹಬ್ಬ ಅಂತ ನೆನಪಾಗುವಷ್ಟರಲ್ಲಿ ಮಗಳು ಬಂದು ಅದನ್ನು ಕುಡಿದು ಮುಗಿಸಿದ್ದಳು.